ಒಂದು ವಚನ, ಹಲವು ಓದು: ಕಲಬುರಗಿಯ ಭಾನುವಾರದ ವಿಮರ್ಶಾ ತರಗತಿ ಹೇಗಿದೆ?

ಸೇಡಂ ರಸ್ತೆಯ ಕಡೆ, ಬೋರ್ಡೂ ಇಲ್ಲದ ಮಹಡಿಯ ಮೇಲೆ ನಡೆಯುವ ತರಗತಿ ಇದು. ಬರುವವರು ಹೆಚ್ಚಾಗಿ ಎಂ.ಎ. ಕನ್ನಡ ಓದುವವರು, ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ಕೆ-ಸೆಟ್ (ರಾಜ್ಯದ್ದು), ನೆಟ್ (ರಾಷ್ಟ್ರಮಟ್ಟದ್ದು) ಬರೆಯುವವರು. ನೋಟ್ಸ್ ಬರೆಸುವುದಿಲ್ಲ; ಒಂದೇ ಪಠ್ಯವನ್ನು ವಿಮರ್ಶೆಯ ಹಲವು ಮಾರ್ಗಗಳಲ್ಲಿ ಓದಿಸುತ್ತಾರೆ.

ಮೊದಲು ಅಂಕಿತ (ವಚನಕಾರನ ಗುರುತಿನ ದೇವರ ಹೆಸರು) ಅಳಿಸಿದ ವಚನ ಹಲಗೆಯ ಮೇಲೆ ಬರುತ್ತದೆ. ಕವಿಯ ಹೆಸರು ಮುಚ್ಚಿಟ್ಟು ಓದಿಸುವ ಈ ಕ್ರಮ ಇಂಗ್ಲಿಷ್ ವಿಮರ್ಶಕ ಐ.ಎ. ರಿಚರ್ಡ್ಸ್ ಕೇಂಬ್ರಿಜ್‌ನಲ್ಲಿ ಮಾಡಿದ್ದು, 1929ರಲ್ಲಿ ಪುಸ್ತಕವಾಗಿ ಬಂತು. ಆದರೆ ಆರಿಸಿಕೊಂಡಿರುವುದು ಬಸವಣ್ಣನ ‘ಉಳ್ಳವರು ಶಿವಾಲಯ ಮಾಡುವರು’. ಬಸವಕಲ್ಯಾಣದ ಸೀಮೆಯಲ್ಲಿ ಇದರ ಅಂಕಿತ ಅಳಿಸಿ ಏನು ಬಂತು? ಅಪರಿಚಿತ ವಚನ ತರಬೇಕಿತ್ತು.

ನಿಕಟ ಓದು, ಅಂದರೆ ಪಠ್ಯದ ಪದಪದವನ್ನೇ ಹಿಡಿದು ಓದುವುದು, ಮಾತ್ರ ಭರ್ಜರಿ. ಕಾಲು–ಕಂಬ, ದೇಹ–ದೇಗುಲ, ಶಿರ–ಕಳಶ: ರೂಪಕಗಳು ಗುಡಿ ಕಟ್ಟುವ ಕ್ರಮದಲ್ಲೇ ಕೆಳಗಿನಿಂದ ಮೇಲೇರುತ್ತವೆ. ಮೊದಲೆರಡು ಜೋಡಿಯಲ್ಲಿ ಆದ್ಯಕ್ಷರ ಹೊಂದುತ್ತದೆ, ಮೂರನೆಯದರಲ್ಲಿ ತಪ್ಪುತ್ತದೆ. ಅಲ್ಲೇ ‘ಹೊನ್ನ’ ಬಂದು ಕೂತಿದೆ. ಬಡವನ ಬಾಯಲ್ಲಿ ಹೊನ್ನೇಕೆ ಎಂದು ಕೇಳಿ, ಉತ್ತರ ಬರುವವರೆಗೂ ಮುಂದೆ ಹೋಗುವುದಿಲ್ಲ.

ಎಡವುವುದು ಮಾರ್ಕ್ಸ್‌ವಾದಿ ಓದಿನಲ್ಲಿ. ‘ಉಳ್ಳವರು’, ‘ಬಡವ’ ಎರಡಕ್ಕೂ ಗೆರೆ ಎಳೆದು ವರ್ಗಸಂಘರ್ಷ ಎಂದು ಮುಗಿಸುತ್ತಾರೆ. ದೊರೆ ಬಿಜ್ಜಳನ ಭಂಡಾರಿ (ಖಜಾನೆ ನೋಡುವವನು) ಎನಿಸಿಕೊಂಡ ಬಸವಣ್ಣ ಬಡವ ಹೇಗಾದ ಎಂದು ವಿದ್ಯಾರ್ಥಿ ಕೇಳಿದರೆ ತಡವರಿಸುತ್ತಾರೆ. ನಿಕಟ ಓದಿನ ‘ನಾನು’ ವಚನದೊಳಗೆ ಮಾತಾಡುವವನು, ಚಾರಿತ್ರಿಕ ಓದಿನ ‘ನಾನು’ ಬಸವಣ್ಣ. ಇವೆರಡನ್ನೂ ಕಲಸಿದ್ದಕ್ಕೇ ಈ ಗೊಂದಲ. ಮೇಲಾಗಿ, ನಮಗೆ ಸಿಕ್ಕಿರುವ ವಚನದ ಹಸ್ತಪ್ರತಿಗಳು 12ನೇ ಶತಮಾನಕ್ಕಿಂತ ಈಚಿನವು. ಚಾರಿತ್ರಿಕ ಓದು ಶುರುವಾಗಬೇಕಾದದ್ದೇ ಅಲ್ಲಿಂದ. ತರಗತಿಯಲ್ಲಿ ಆ ಮಾತೇ ಇಲ್ಲ.

ಸ್ತ್ರೀವಾದಿ, ದಲಿತ ಓದುಗಳು ಚೆನ್ನಾಗಿವೆ. ದೇಹವೇ ದೇಗುಲವಾದರೆ ಮುಟ್ಟಾದ ದೇಹವೂ ದೇಗುಲವೇ? ಊರಾಚೆ ಇಟ್ಟ ದೇಹವೂ? ಪ್ರಶ್ನೆ ಹೊರಗಿನಿಂದ ಬಂದರೂ ಉತ್ತರವನ್ನು ವಚನದ ಕೊನೆಯ ‘ಸ್ಥಾವರ’ (ನಿಂತದ್ದು), ‘ಜಂಗಮ’ (ಚಲಿಸುವುದು) ಎಂಬ ಪದಗಳಲ್ಲೇ ಹುಡುಕಿಸುತ್ತಾರೆ. ಮನೋವಿಶ್ಲೇಷಣೆಯ ಪಾಠ ಬಿಟ್ಟರೂ ನಷ್ಟವಿಲ್ಲ, ಕವಿಗೆ ರೋಗ ಹುಡುಕುವುದೇ ಆಗಿದೆ. ರಸದ ಪಾಠ ಬರೀ ಪಟ್ಟಿ. ನಾಟ್ಯಶಾಸ್ತ್ರದಲ್ಲಿ ಭರತ ಹೇಳಿದ್ದು ಎಂಟೇ ರಸ, ಶಾಂತ ಆಮೇಲೆ ಸೇರಿದ್ದು ಎಂಬುದನ್ನೂ ಬಿಟ್ಟಿದ್ದಾರೆ.

ದೊಡ್ಡ ಕೊರತೆ ಕನ್ನಡದ ಹಳೆಯ ಕಾವ್ಯಶಾಸ್ತ್ರ ಗ್ರಂಥ ಕವಿರಾಜಮಾರ್ಗದ್ದು. ನೃಪತುಂಗನ ರಾಜಧಾನಿ ಮಳಖೇಡ ಇದೇ ಜಿಲ್ಲೆಯ ಸೇಡಂ ತಾಲೂಕಿನಲ್ಲಿದೆ. ಅವನ ಆಸ್ಥಾನದಲ್ಲಿ ಹುಟ್ಟಿದ ಆ ಕೃತಿಯ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ಕಾವ್ಯದೋಷದ್ದು, ಉಳಿದೆರಡು ಶಬ್ದಾಲಂಕಾರ, ಅರ್ಥಾಲಂಕಾರದವು. ರಿಚರ್ಡ್ಸ್‌ಗೆ ಇಡೀ ಭಾನುವಾರ, ಕವಿರಾಜಮಾರ್ಗ ಬರೆದ ಶ್ರೀವಿಜಯನಿಗೆ ಅರ್ಧ ತಾಸೂ ಇಲ್ಲ! ಹಲಗೆಯ ಮೇಲಿನ ಅದೇ ಆದ್ಯಕ್ಷರದ ಜೋಡಿಗಳನ್ನು ಶಬ್ದಾಲಂಕಾರದ ಕಣ್ಣಿನಿಂದ ನೋಡಿಸಿದ್ದರೆ ಎರಡೂ ಪಾಠ ಒಂದಕ್ಕೊಂದು ಕೂಡುತ್ತಿದ್ದವು.

ಉತ್ತರ ಬರೆಯುವ ಅಭ್ಯಾಸ ಉಪಯುಕ್ತ. ಒಂದು ಪುಟಕ್ಕೆ ಒಂದೇ ಮಾರ್ಗ; ಪ್ರತಿ ವಾದಕ್ಕೂ ಪಠ್ಯದ ಒಂದು ಪದ ಸಾಕ್ಷಿ; ‘ಸಮಾಜಕ್ಕೆ ಸಂದೇಶ’ ಎಂಬ ಸಾಲು ಕಂಡರೆ ಕೆಂಪು ಗೆರೆ. ಎಂ.ಎ. ಪತ್ರಿಕೆಗೆ ಇದು ಬರೋಬ್ಬರಿ. ನೆಟ್‌ಗಷ್ಟೇ ಓದುವವರು ಯೋಚಿಸಿ ಸೇರಿ: ಅದರ ಎರಡನೇ ಪತ್ರಿಕೆ 100 ವಸ್ತುನಿಷ್ಠ ಪ್ರಶ್ನೆ, 200 ಅಂಕದ್ದು. ಹೊಂದಿಸಿ ಬರೆಯುವ, ಕಾಲಾನುಕ್ರಮದ ಪ್ರಶ್ನೆಗಳಿಗೆ ಇಲ್ಲಿ ತಯಾರಿಯೇ ಇಲ್ಲ.