ಕಾರವಾರದ ಉಪ್ಪುಗಾಳಿಗೆ ಯಾವ ಟ್ರಿಗರ್ ತಾಳುತ್ತದೆ?

ರೈಫಲ್ ಟ್ರಿಗರ್ ಕೊಳ್ಳಲು ಹೊರಟವರ ಮೊದಲ ಪ್ರಶ್ನೆ, ಅದನ್ನು ಎಳೆಯಲು ಬೇಕಾದ ತೂಕ ಎಷ್ಟು ಗ್ರಾಂಗೆ ಇಳಿಯುತ್ತದೆ ಎಂಬುದು. ಕಾರವಾರ, ಅಂಕೋಲಾ, ಕುಮಟಾ ಕಡೆಯ ಶೂಟರ್‌ಗಳಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ಏಪ್ರಿಲ್‌ನಲ್ಲಿ ಹೊಂದಿಸಿದ ತೂಕ ಆಗಸ್ಟ್‌ನಲ್ಲೂ ಹಾಗೇ ಇರುತ್ತದೆಯೇ? 10 ಮೀಟರ್ ಏರ್ ರೈಫಲ್‌ಗಾಗಲಿ 50 ಮೀಟರ್ ರೈಫಲ್‌ಗಾಗಲಿ ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮ ಕನಿಷ್ಠ ತೂಕ ಹೇಳುವುದಿಲ್ಲ. ಏರ್ ಪಿಸ್ತೂಲಿಗೆ 500 ಗ್ರಾಂ, 300 ಮೀಟರ್ ಸ್ಟ್ಯಾಂಡರ್ಡ್ ರೈಫಲ್‌ಗೆ 1500 ಗ್ರಾಂ ಎಂಬ ಕಟ್ಟುಪಾಡು ಇದೆ. ನಮ್ಮ ಎರಡು ಸ್ಪರ್ಧೆಗಳಿಗೆ ಇಲ್ಲ. ಹಗುರ ಮಾಡಲು ಯಾರ ಅಡ್ಡಿಯೂ ಇಲ್ಲ. ಆದರೆ ಏರ್ ರೈಫಲ್ ಗುರಿಹಾಳೆಯ ಹತ್ತರ ಚುಕ್ಕೆ ಬರೀ 0.5 ಮಿಲಿಮೀಟರ್. ಒಂದು ಗುಂಡಿಗೆ 80 ಗ್ರಾಂ, ಮುಂದಿನದಕ್ಕೆ 110 ಗ್ರಾಂ ಕೇಳುವ ಟ್ರಿಗರ್ ಎಷ್ಟು ಹಗುರವಿದ್ದರೂ ಬೆರಳಿಗೆ ನಂಬಿಕೆ ಬರುವುದಿಲ್ಲ.

ಮೊದಲು ರೆಮಿಂಗ್ಟನ್ 700 ಆ್ಯಕ್ಷನ್‌ಗೆ (ಬೋಲ್ಟ್ ಕೂರುವ, ಟ್ರಿಗರ್ ಜೋಡಿಸುವ ರೈಫಲ್‌ನ ನಡುಭಾಗ) ಕೂರುವವು, ಏಕೆಂದರೆ ಹೆಚ್ಚು ಆಯ್ಕೆ ಇರುವುದು ಅಲ್ಲೇ. ಕೆನಡಾದ ಟ್ರಿಗರ್‌ಟೆಕ್ ಡೈಮಂಡ್ ಸುಮಾರು 4 ಔನ್ಸ್‌ನಿಂದ 32 ಔನ್ಸ್‌ವರೆಗೆ, ಅಂದರೆ 115ರಿಂದ 900 ಗ್ರಾಂವರೆಗೆ ಹೊಂದುತ್ತದೆ. ಇದರೊಳಗೆ ಸಿಯರ್ (ಟ್ರಿಗರ್ ಎಳೆಯುವ ತನಕ ಹೊಡೆಯುವ ಪಿನ್ನನ್ನು ತಡೆದು ಹಿಡಿಯುವ ಕೊಕ್ಕೆ) ಮತ್ತು ಟ್ರಿಗರ್ ನಡುವೆ ಒಂದು ಸಣ್ಣ ರೋಲರ್ ಇದೆ. ಎರಡು ಉಕ್ಕಿನ ಅಂಚುಗಳು ಒಂದರ ಮೇಲೊಂದು ಜಾರುವ ಬದಲು ರೋಲರ್ ಉರುಳುತ್ತದೆ. ಒಳಭಾಗಗಳು ಸ್ಟೇನ್‌ಲೆಸ್ ಉಕ್ಕಿನವು. ಸಿಯರ್ ಹಿಡಿತವನ್ನು ಕಾರ್ಖಾನೆಯಲ್ಲೇ ಕಟ್ಟಿಬಿಟ್ಟಿರುತ್ತಾರೆ, ನಾವು ತಿರುಗಿಸುವುದು ತೂಕದ ಸ್ಕ್ರೂ ಮಾತ್ರ. ಕೆಲವರಿಗೆ ಇದು ಕೊರತೆ ಅನ್ನಿಸಬಹುದು. ಕರಾವಳಿಗೆ ಇದೇ ಒಳ್ಳೆಯದು.

ಜ್ಯುವೆಲ್ ಎಚ್‌ವಿಆರ್ ಇದಕ್ಕೆ ತದ್ವಿರುದ್ಧ. 1.5 ಔನ್ಸ್‌ಗೆ, ಅಂದರೆ ಸುಮಾರು 43 ಗ್ರಾಂಗೆ ಇಳಿಯುತ್ತದೆ. ತೂಕ, ಸಿಯರ್ ಹಿಡಿತ, ಓವರ್‌ಟ್ರಾವೆಲ್ (ಬಿಡುಗಡೆಯಾದ ಮೇಲೂ ಟ್ರಿಗರ್ ಹಿಂದಕ್ಕೆ ಸರಿಯುವ ದೂರ) ಮೂರನ್ನೂ ನಾವೇ ಹೊಂದಿಸಬಹುದು. ಬಿಡುಗಡೆ ಇಷ್ಟು ಸ್ವಚ್ಛವಾಗಿರುವ ಟ್ರಿಗರ್ ಸಿಗುವುದು ಕಡಿಮೆ. ಆದರೆ ಒಳಗಿನ ಸಣ್ಣ ಸಣ್ಣ ಲಿವರ್‌ಗಳ ನಡುವೆ ಧೂಳು, ಒಣಗಿದ ಎಣ್ಣೆ ಸೇರಿದರೆ ಲಿವರ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಬೋಲ್ಟ್ ಮುಚ್ಚಿದರೂ ಸಿಯರ್ ಹಿಡಿಯುವುದಿಲ್ಲ. ತಿಂಗಳಿಗೊಮ್ಮೆ ಲೈಟರ್ ಫ್ಲೂಯಿಡ್ ಹಾಕಿ ತೊಳೆದು ಒಣಗಿಸುವ ಶಿಸ್ತು ಇದ್ದವರಿಗೆ ಮಾತ್ರ ಇದು. ಟಿಮ್ನಿ ಕ್ಯಾಲ್ವಿನ್ ಎಲೀಟ್ 8 ಔನ್ಸ್‌ಗಿಂತ ಕೆಳಗೆ ಹೋಗುವುದಿಲ್ಲ. ಗಟ್ಟಿಮುಟ್ಟು, ಬ್ಲೇಡ್ (ಬೆರಳು ತಾಗುವ ಭಾಗ) ಬದಲಿಸಬಹುದು, ಆದರೆ ನಿಂತು ಹೊಡೆಯುವ ಗುರಿಕಾರಿಕೆಗೆ ಭಾರ.

ಈ ಮೂರನ್ನೂ ಹಿಡಿದಿಡುವುದು ಎರಡು ಅಡ್ಡ ಪಿನ್ನು. ಪಿನ್ನು ಹೊರಗೆ ಬರುತ್ತಿದ್ದಂತೆ ಬೋಲ್ಟ್ ಸ್ಟಾಪ್ ಮತ್ತು ಅದರ ಎಳೆಯಂಥ ಸ್ಪ್ರಿಂಗ್ ಕಳಚಿಬೀಳುತ್ತವೆ. ಸ್ಪ್ರಿಂಗ್ ತಪ್ಪಾಗಿ ಕೂತರೆ ಬೋಲ್ಟ್ ಎಳೆದಾಗ ಪೂರ್ತಿ ಕೈಗೇ ಬಂದುಬಿಡುತ್ತದೆ. ಲೈಸೆನ್ಸ್ ಬಂದೂಕಿನಲ್ಲಿ ಈ ಕೆಲಸವನ್ನು ಲೈಸೆನ್ಸ್ ಇರುವ ಗನ್‌ಸ್ಮಿತ್ ಕೈಗೇ ಕೊಡಿ.

ಅನ್ಶುಟ್ಸ್ 54 ಆ್ಯಕ್ಷನ್ ಇಟ್ಟುಕೊಂಡವರು ಹೊರಗಿನ ಟ್ರಿಗರ್ ಹುಡುಕುವುದೇ ಬೇಡ. ಅದರ 5018 ಎರಡು ಹಂತದ ಟ್ರಿಗರ್ (ಮೊದಲು ಹಗುರವಾಗಿ ಸರಿದು ಒಂದು ತಡೆಗೆ ನಿಂತು, ಆಮೇಲೆ ಬಿಡುಗಡೆಯಾಗುವಂಥದ್ದು) ಸರಿಯಾಗಿ ಹೊಂದಿಸಿದರೆ ಮೇಲಿನ ಯಾವುದಕ್ಕೂ ಸಾಟಿಯಾಗಿ ನಿಲ್ಲುತ್ತದೆ.

ಏರ್ ರೈಫಲ್‌ನವರಿಗೂ ಇದೇ ಮಾತು. ವಾಲ್ಟರ್ ಎಲ್‌ಜಿ400, ಫೈನ್‌ವೆರ್ಕ್‌ಬೌ 800 ಇಂಥವುಗಳಲ್ಲಿ ಟ್ರಿಗರ್ ಯೂನಿಟ್ಟನ್ನು ಮುಟ್ಟುವ ಅಗತ್ಯವಿಲ್ಲ, ಬ್ಲೇಡ್ ಒಂದನ್ನೇ ಬದಲಿಸಿದರೂ ಬೇಕಾದಷ್ಟು ವ್ಯತ್ಯಾಸ ಕಾಣುತ್ತದೆ. ಒಳ್ಳೆಯ ಬ್ಲೇಡ್ ಹಿಂದೆ ಮುಂದೆ ಸರಿಯಬೇಕು, ಮೇಲೆ ಕೆಳಗೆ ಹೋಗಬೇಕು, ಪಕ್ಕಕ್ಕೆ ತಿರುಗಬೇಕು. ಬೆರಳಿನ ಮೊದಲ ಗೆಣ್ಣಿನ ಮೆತ್ತೆಯ ನಡುಭಾಗ ಬ್ಲೇಡಿಗೆ ತಾಗಿ, ಒತ್ತಡ ನೇರ ಹಿಂದಕ್ಕೆ ಹೋಗುವಂತಿರಬೇಕು. ಬ್ಲೇಡ್ ಕೆಳಕ್ಕೆ ಸರಿಸಿದರೆ ಟ್ರಿಗರ್ ಹಗುರವಾಗುತ್ತದೆ ಎಂಬುದು ಹಲವರ ಗಮನಕ್ಕೆ ಬರುವುದಿಲ್ಲ. ತಿರುಗುಗೂಟದಿಂದ 30 ಮಿಲಿಮೀಟರ್ ದೂರದಲ್ಲಿ 100 ಗ್ರಾಂ ಇದ್ದದ್ದು 36 ಮಿಲಿಮೀಟರ್‌ಗೆ ಇಳಿಸಿದಾಗ 83 ಗ್ರಾಂ ಆಗುತ್ತದೆ. ಬ್ಲೇಡ್ ಸರಿಸಿದ ಮೇಲೆ ತೂಕ ಮತ್ತೆ ಅಳೆಯಲೇಬೇಕು. ಏಪ್ರಿಲ್, ಮೇ ಸೆಕೆಯಲ್ಲಿ ಬೆರಳು ಬೆವರಿ ಜಾರುತ್ತದೆ, ಆದ್ದರಿಂದ ನುಣುಪಾದದ್ದು ಬೇಡ, ಗೀರು ಹಾಕಿದ ಬ್ಲೇಡ್ ತೆಗೆದುಕೊಳ್ಳಿ. ಅಲ್ಯುಮಿನಿಯಂ ಬ್ಲೇಡಿಗೆ ಉಕ್ಕಿನ ಸ್ಕ್ರೂ ಇದ್ದರೆ ಉಪ್ಪುಗಾಳಿಗೆ ಎರಡೂ ಕಚ್ಚಿಕೊಂಡು, ಅಲೆನ್ ಕೀ ಹಾಕಿದಾಗ ಸ್ಕ್ರೂ ತಲೆಯೇ ಸವೆದುಹೋಗುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಚ್ಚಿ, ಒರೆಸಿ, ಮತ್ತೆ ಬಿಗಿಯಿರಿ.

ಎಲ್‌ಜಿ400ರ ಎಲೆಕ್ಟ್ರಾನಿಕ್ ಮಾದರಿಯಲ್ಲಿ ಟ್ರಿಗರ್ ಎಳೆದರೆ ಸ್ವಿಚ್ ಒತ್ತಿದಂತೆ. ಯಾಂತ್ರಿಕ ಸಿಯರ್ ಕೊಕ್ಕೆ ಇಲ್ಲದ್ದರಿಂದ ಎಣ್ಣೆ, ಧೂಳಿನ ಕಾಟ ಕಡಿಮೆ, ತೂಕ ಅಲುಗದು. ಬ್ಯಾಟರಿ ಮಾತ್ರ ನೋಡಿಕೊಳ್ಳಬೇಕು. ಜುಲೈನಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲದ ಯಲ್ಲಾಪುರ, ಸಿದ್ದಾಪುರದ ಹಳ್ಳಿಯವರು ಸ್ಪರ್ಧೆಗೆ ಹೊರಡುವ ಮೊದಲು ಚಾರ್ಜ್ ಮಾಡಿಟ್ಟುಕೊಳ್ಳಲಿ.

ಎಣ್ಣೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮ ಜಿಲ್ಲೆಯಲ್ಲಿ ಹಾಳಾಗುವ ಟ್ರಿಗರ್‌ಗಳಿಗೆ ಮುಖ್ಯ ಕಾರಣ ಅದೇ. ಮನೆಯಲ್ಲಿ ಇದೆಯಲ್ಲ ಎಂದು ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಅದು 24 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಕಾರವಾರದ ಮಧ್ಯಾಹ್ನ ಹರಿದಾಡಿದ್ದು ಶಿರಸಿಯ ಡಿಸೆಂಬರ್ ಬೆಳಿಗ್ಗೆ ಸಿಯರ್ ಸಂದಿನಲ್ಲಿ ಬೆಣ್ಣೆಯಂತೆ ಕೂರುತ್ತದೆ, ಟ್ರಿಗರ್ ಎಳೆದರೂ ಬಿಡುಗಡೆ ತಡವಾಗುತ್ತದೆ. ಡಬ್ಲ್ಯೂಡಿ-40 ಕೂಡ ಬೇಡ, ಒಣಗಿದ ಮೇಲೆ ಅಂಟಾಗುತ್ತದೆ. ತೊಳೆದು ಒಣಗಿಸಿ, ತಿರುಗುಗೂಟಗಳಿಗೆ ಸೂಜಿಮೊನೆಯಷ್ಟು ತೆಳು ಸಿಂಥೆಟಿಕ್ ಎಣ್ಣೆ ತಾಗಿಸಿದರೆ ಸಾಕು. ಸ್ಪಂಜಿನ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಸ್ಪಂಜು ತೇವ ಹೀರಿಕೊಂಡು ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಇಟ್ಟು, ಬಣ್ಣ ತಿರುಗಿದಾಗ 120 ಡಿಗ್ರಿ ಓವನ್‌ನಲ್ಲಿ ಎರಡು ತಾಸು ಒಣಗಿಸಿ ಮತ್ತೆ ಬಳಸಿ.

ಹೊಂದಿಸುವಾಗ ಗುಂಡಿಲ್ಲ ಎಂದು ಕಣ್ಣಾರೆ ನೋಡಿಕೊಂಡೇ ಕೈ ಹಾಕಿ. ಎರಡು ಹಂತದ್ದಾದರೆ ಮೊದಲು ಸಿಯರ್, ಆಮೇಲೆ ಮೊದಲ ಹಂತದ ತೂಕ, ಎರಡನೆಯದು, ಕೊನೆಗೆ ಓವರ್‌ಟ್ರಾವೆಲ್. ಓವರ್‌ಟ್ರಾವೆಲ್ ಸ್ಕ್ರೂವನ್ನು ಟ್ರಿಗರ್ ಬಿಡುಗಡೆಯಾಗದ ತನಕ ಒಳಕ್ಕೆ ತಿರುಗಿಸಿ, ಅಲ್ಲಿಂದ ಅರ್ಧ ಸುತ್ತು ಹಿಂದಕ್ಕೆ ತನ್ನಿ. ಕಾಲು ಸುತ್ತು ಸಾಕು ಎನ್ನುವವರಿದ್ದಾರೆ. ತುಕ್ಕು, ಧೂಳು ಆ ಸಂದನ್ನು ತುಂಬಿದರೆ ಸ್ಪರ್ಧೆಯ ನಡುವೆ ಗುಂಡು ಹಾರುವುದಿಲ್ಲ. ನಳಿಗೆ ಮೇಲ್ಮುಖವಾಗಿ ನಿಲ್ಲಿಸಿ, ಬ್ಲೇಡಿನ ನಡುವಿಗೆ ತಂತಿ ಕೊಕ್ಕೆ ಹಾಕಿ ತೂಕದ ಬಟ್ಟು ನೇತುಹಾಕಿ ನಿಧಾನಕ್ಕೆ ಎತ್ತಿ. ಹತ್ತು ಸಲ ಅಳೆದಾಗ ಅಂತರ 10 ಗ್ರಾಂ ಮೀರಿದರೆ ತೊಳೆಯುವ ಕಾಲ ಬಂತೆಂದೇ ಅರ್ಥ. ಆಮೇಲೆ ಖಾಲಿ ರೈಫಲ್ ಕಾಕ್ ಮಾಡಿ, ಹಿಂಬದಿಯನ್ನು ರಬ್ಬರ್ ಮ್ಯಾಟಿನ ಮೇಲೆ ಒಂದು ಗೇಣು ಎತ್ತರದಿಂದ ಕುಟ್ಟಿ ನೋಡಿ. ಒಂದು ಸಲ ತಾನಾಗಿ ಬಿಡುಗಡೆಯಾದರೂ ಸಿಯರ್ ಹಿಡಿತ ಹೆಚ್ಚಿಸದೆ ರೇಂಜಿಗೆ ಒಯ್ಯಬೇಡಿ.