ಮೂರು ವರ್ಷ ಎಐ ಚಾಟ್‌ಬಾಟ್ ಜೊತೆಗಿಟ್ಟುಕೊಂಡು ಫಿಸಿಕ್ಸ್ ಪಾಠ ಮಾಡಿದ ಮೇಲೆ

ತಾಲ್ಲೂಕು ಊರಿನ ಡಿಗ್ರಿ ಕಾಲೇಜೊಂದರಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಚಾಟ್‌ಜಿಪಿಟಿ ಹೊರಬಂದದ್ದು 2022ರ ನವೆಂಬರ್ 30ರಂದು. ಅದಾಗಿ ಆರೇಳು ತಿಂಗಳಿಗೆ ನಾನೂ ಎಐ ಚಾಟ್‌ಬಾಟ್ ಬಳಸಲು ಶುರು ಮಾಡಿದೆ. ಆಮೇಲೆ ಬೇರೆ ಬೇರೆ ಆ್ಯಪ್ ನೋಡಿದ್ದೇನೆ. ಯಾವುದು ಎಂದು ಹೆಸರು ಹೇಳುತ್ತಿಲ್ಲ. ಇವು ಎರಡು ಮೂರು ತಿಂಗಳಿಗೊಮ್ಮೆ ಬದಲಾಗುತ್ತವೆ, ಇವತ್ತು ನಾನು ಹೇಳಿದ್ದು ನಾಳೆಗೆ ಹಳೆಯದಾಗಿರುತ್ತದೆ. ಕ್ಲಾಸಿನಲ್ಲಿ, ಲ್ಯಾಬಿನಲ್ಲಿ ಇದರಿಂದ ಏನಾಯಿತು ಅನ್ನುವುದನ್ನಷ್ಟೇ ಬರೆಯುತ್ತೇನೆ.

ಮೊದಲು ಒಳ್ಳೆಯದು. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಜಾಸ್ತಿ ಜನ ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಓದಿದವರು. ಪಿಯುಸಿಗೆ ಬಂದ ತಕ್ಷಣ ಪುಸ್ತಕ ಇಂಗ್ಲಿಷ್. ಕ್ಲಾಸಿನಲ್ಲಿ "ಅರ್ಥ ಆಯ್ತಾ?" ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಅರ್ಥ ಆಗಿಲ್ಲ ಅನ್ನಲು ಅಳುಕು.

ಹಿಂದಿನ ಸಾಲಿನಲ್ಲಿ ಕೂರುವ ಹುಡುಗಿಯೊಬ್ಬಳು ಒಂದು ದಿನ ಬಂದು ಫೋನ್ ತೋರಿಸಿದಳು. ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಚಾಟ್‌ಬಾಟಿಗೆ ಕೇಳಿದ್ದಳು: ನ್ಯೂಟನ್ಸ್ ರಿಂಗ್ಸ್‌ನಲ್ಲಿ (ಚಪ್ಪಟೆ ಗಾಜಿನ ಮೇಲೆ ಉಬ್ಬು ಲೆನ್ಸು ಇಟ್ಟು ಮೇಲಿಂದ ಬೆಳಕು ಬಿಟ್ಟರೆ ಕಾಣುವ ಬಳೆಗಳು) ಮಧ್ಯದ ಚುಕ್ಕೆ ಯಾಕೆ ಕಪ್ಪು? ಲೆನ್ಸು ಗಾಜಿಗೆ ತಾಗಿರುವ ಜಾಗದಲ್ಲಿ ನಡುವೆ ಗಾಳಿಯೇ ಇಲ್ಲ. ಲೆನ್ಸಿನ ತಳದಿಂದ ಒಂದು, ಕೆಳಗಿನ ಗಾಜಿನಿಂದ ಒಂದು, ಹೀಗೆ ವಾಪಸ್ ಬರುವ ಎರಡು ಬೆಳಕಿನ ದಾರಿಯಲ್ಲಿ ವ್ಯತ್ಯಾಸ ಸೊನ್ನೆ. ಹಾಗಾದರೆ ಅಲ್ಲಿ ಬೆಳ್ಳಗೆ ಹೊಳೆಯಬೇಕಲ್ವಾ? ಎಷ್ಟು ಒಳ್ಳೆಯ ಪ್ರಶ್ನೆ! ಕೆಳಗಿನ ಗಾಜಿಗೆ ಬಡಿದು ವಾಪಸ್ ಬರುವ ಬೆಳಕು ಅರ್ಧ ವೇವ್‌ಲೆಂತ್‌ನಷ್ಟು ಪಲ್ಟಿ ಹೊಡೆಯುತ್ತದೆ, ಅದಕ್ಕೇ ಅಲ್ಲಿ ಕತ್ತಲೆ ಎಂದು ಚಾಟ್‌ಬಾಟ್ ಸರಿಯಾಗಿಯೇ ಹೇಳಿತ್ತು. ಗೋಡೆಗೆ ಕಟ್ಟಿದ ಹಗ್ಗ ಝಾಡಿಸಿದರೆ ಅಲೆ ತಲೆಕೆಳಗಾಗಿ ಹಿಂದೆ ಬರುವ ಉದಾಹರಣೆಯನ್ನೂ ಕೊಟ್ಟಿತ್ತು. ಅವಳು ಅಲ್ಲಿಗೆ ನಿಲ್ಲದೆ ಇನ್ನೂ ನಾಲ್ಕು ಸಲ "ಅರ್ಥ ಆಗಲಿಲ್ಲ, ಇನ್ನೊಮ್ಮೆ ಹೇಳಿ" ಅಂದಿದ್ದಳು.

"ಕ್ಲಾಸಲ್ಲೇ ಯಾಕಮ್ಮಾ ಕೇಳಲಿಲ್ಲ?" ಅಂದೆ. "ನಾಲ್ಕು ಸಲ ಹೇಗೆ ಮ್ಯಾಮ್ ಕೇಳೋದು?" ಅಂದಳು.

ಆ ಮಾತು ನನಗೆ ಚುರ್ ಅಂದಿತು. ಅರವತ್ತು ಜನರ ಕ್ಲಾಸಿನಲ್ಲಿ ಒಬ್ಬಳಿಗೆ ನಾಲ್ಕು ಸಲ ಹೇಳಲು ನನಗೆ ಆಗುವುದಿಲ್ಲ, ನಿಜ. ಮನೆಯಲ್ಲಿ ಓದಿದವರಿಲ್ಲ, ಟ್ಯೂಷನ್‌ಗೆ ದುಡ್ಡಿಲ್ಲ ಅನ್ನುವ ಮಗುವಿಗೆ ಬೇಸರ ಮಾಡಿಕೊಳ್ಳದೆ ಐದನೇ ಸಲವೂ ಹೇಳುವ ಒಂದು ಜಾಗ ಸಿಕ್ಕಿದೆ. ಇದಕ್ಕಿಂತ ದೊಡ್ಡ ಉಪಕಾರವನ್ನು ಈ ಮೂರು ವರ್ಷದಲ್ಲಿ ನಾನು ಕಂಡಿಲ್ಲ.

ಕನ್ನಡದ ವಿಷಯಕ್ಕೆ ಬರೋಣ. ಶುರುವಿನಲ್ಲಿ ಓದಲು ಕಷ್ಟವಾಗುವಂಥ ಕನ್ನಡ ಬರುತ್ತಿತ್ತು. ಈಗ ಎಷ್ಟೋ ಸುಧಾರಿಸಿದೆ, ಮೈಕ್ ಒತ್ತಿ ಮಾತಾಡಿದರೂ ಅರ್ಥ ಮಾಡಿಕೊಳ್ಳುತ್ತದೆ. ಆದರೆ ವಿಜ್ಞಾನದ ಪದಗಳಲ್ಲಿ ಇವತ್ತಿಗೂ ಎಡವುತ್ತದೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಎನರ್ಜಿಗೆ ಶಕ್ತಿ, ಪವರ್‌ಗೆ ಸಾಮರ್ಥ್ಯ. ನನ್ನ ಆ್ಯಪ್ ಎರಡಕ್ಕೂ ಶಕ್ತಿ ಅಂದುಬಿಟ್ಟಿತು. "ಶಕ್ತಿ ಎಂದರೆ ಶಕ್ತಿಯನ್ನು ಬಳಸುವ ದರ" ಎಂದು ಒಬ್ಬ ಹುಡುಗ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಆಕ್ಸಿಲರೇಷನ್‌ಗೆ ಮಕ್ಕಳು ಕಲಿತ ಪದ ವೇಗೋತ್ಕರ್ಷ. ಆ್ಯಪ್ ಒಮ್ಮೆ ತ್ವರಣ ಅನ್ನುತ್ತದೆ, ಇನ್ನೊಮ್ಮೆ ವೇಗವರ್ಧನೆ ಅನ್ನುತ್ತದೆ. ಹೀಟ್ ಮತ್ತು ಟೆಂಪರೇಚರ್ ಎರಡಕ್ಕೂ ಉಷ್ಣತೆ ಅಂದರೆ ಥರ್ಮೋಡೈನಮಿಕ್ಸ್ ಮೊದಲ ಪಾಠವೇ ಕೆಟ್ಟುಹೋಯಿತು. ಹಾಗಾಗಿ ನನ್ನ ಮಕ್ಕಳಿಗೆ ಹೇಳುವುದು ಇಷ್ಟೇ: ಪ್ರಶ್ನೆಯ ಜೊತೆ "ಕನ್ನಡದಲ್ಲಿ ವಿವರಿಸಿ, ಫಿಸಿಕ್ಸ್ ಪದಗಳನ್ನು ಇಂಗ್ಲಿಷಿನಲ್ಲೇ ಇಡಿ" ಎಂದು ಸೇರಿಸಿ. ನಾವು ಕ್ಲಾಸಿನಲ್ಲಿ ಮಾತಾಡುವುದೂ ಹಾಗೇ ಅಲ್ವಾ? ಅಷ್ಟು ಮಾಡಿದರೆ ಉತ್ತರ ಬಹಳ ಮಟ್ಟಿಗೆ ಸರಿ ಬರುತ್ತದೆ.

ಈಗ ನನ್ನ ನಿದ್ದೆ ಕೆಡಿಸಿದ ಸಂಗತಿ. ಅದೇ ನ್ಯೂಟನ್ಸ್ ರಿಂಗ್ಸ್ ಪ್ರಯೋಗ, ಬೇರೆ ಬ್ಯಾಚ್. ಒಬ್ಬ ಹುಡುಗನ ರೆಕಾರ್ಡ್ ಬುಕ್ ತಿದ್ದುತ್ತಿದ್ದೆ. ಸೋಡಿಯಂ ಬೆಳಕಿನ ವೇವ್‌ಲೆಂತ್ ಅವನಿಗೆ ಸರಿಯಾಗಿ 5893 ಆಂಗ್‌ಸ್ಟ್ರಾಮ್ ಬಂದಿತ್ತು. ಪುಸ್ತಕದಲ್ಲಿರುವುದೂ ಅದೇ. ಗ್ರಾಫ್ ನೋಡಿದೆ. ಎಲ್ಲ ಚುಕ್ಕೆಗಳೂ ಗೆರೆಯ ಮೇಲೇ ಕೂತಿದ್ದವು. ನಮ್ಮ ಲ್ಯಾಬಿನಲ್ಲಿ ರಿಂಗ್ ಅಳೆಯುವ ಟ್ರಾವೆಲಿಂಗ್ ಮೈಕ್ರೋಸ್ಕೋಪಿನ ಸ್ಕ್ರೂ ಸಡಿಲ. ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋಗಬೇಕು, ಒಂದು ರಿಂಗ್ ದಾಟಿ ಹೋಯಿತೆಂದು ಹಿಂದಕ್ಕೆ ತಿರುಗಿಸಿದರೆ ರೀಡಿಂಗ್ ತಪ್ಪುತ್ತದೆ. ಎಷ್ಟೋ ಬ್ಯಾಚ್ ಮಕ್ಕಳ ರೆಕಾರ್ಡ್ ನೋಡಿದ್ದೇನೆ, ಆ ತಪ್ಪಿನ ಗುರುತು ಎಲ್ಲರದ್ದರಲ್ಲೂ ಇರುತ್ತದೆ. ಇವನದ್ದರಲ್ಲಿ ಇರಲಿಲ್ಲ.

ಕರೆದು ಕೇಳಿದೆ. ಸುಳ್ಳು ಹೇಳಲಿಲ್ಲ. ಐದು ರಿಂಗ್ ನೋಡಿ ಕಣ್ಣು ನೋವು ಬಂತು, ಉಳಿದದ್ದನ್ನು ಆ್ಯಪ್‌ಗೆ ಹೇಳಿ ತುಂಬಿಸಿಕೊಂಡೆ ಅಂದ. ಅದು ಒಂದು ಮಾತೂ ಎದುರಾಡದೆ ಟೇಬಲ್ ಪೂರ್ತಿ ಮಾಡಿಕೊಟ್ಟಿತ್ತು. ಸೀನಿಯರ್‌ಗಳ ರೆಕಾರ್ಡ್ ನೋಡಿ ಬರೆಯುವುದು ಹಿಂದೆಯೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆ ಸೀನಿಯರ್ ಆದರೂ ಒಮ್ಮೆ ಕತ್ತಲೆ ಕೋಣೆಯಲ್ಲಿ ಕೂತು ಆ ಹಳದಿ ಬಳೆಗಳನ್ನು ಎಣಿಸಿರುತ್ತಿದ್ದ. ಇಲ್ಲಿ ಯಾರೂ ನೋಡದ ರಿಂಗಿಗೆ ಅಳತೆ ಹುಟ್ಟಿತ್ತು. ವಿಜ್ಞಾನದಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇಲ್ಲ ಎಂದು ಅವನಿಗೆ ಅರ್ಧ ಗಂಟೆ ಕೂರಿಸಿ ಹೇಳಿದೆ. ಮರುದಿನ ಅವನ ಜೊತೆ ನಾನೂ ಲ್ಯಾಬಿನಲ್ಲಿ ಕೂತೆ. ಅವತ್ತು ಅವನಿಗೆ ಬಂದದ್ದು 6100ರ ಹತ್ತಿರ. ಎಲ್ಲಿ ತಪ್ಪಿತು ಎಂದು ಇಬ್ಬರೂ ಸೇರಿ ಹುಡುಕಿದೆವು. ಸ್ಕ್ರೂ ಹಿಂದೆ ತಿರುಗಿಸಿದ್ದು ಎರಡು ಕಡೆ ಸಿಕ್ಕಿತು.

ಇದು ನನ್ನೊಬ್ಬಳ ಆತಂಕವಲ್ಲ. ಟರ್ಕಿಯಲ್ಲಿ ಸುಮಾರು ಸಾವಿರ ಹೈಸ್ಕೂಲು ಮಕ್ಕಳ ಮೇಲೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಧ್ಯಯನ ಮಾಡಿದ್ದಾರೆ, ವಿಷಯ ಗಣಿತ. ಸಾಮಾನ್ಯ ಚಾಟ್‌ಬಾಟ್ ಕೊಟ್ಟ ಮಕ್ಕಳು ಅಭ್ಯಾಸದ ಲೆಕ್ಕಗಳಲ್ಲಿ ಶೇ. 48ರಷ್ಟು ಮುಂದೆ ಹೋದರು. ಅದನ್ನು ಕಿತ್ತುಕೊಂಡು ಪರೀಕ್ಷೆ ಇಟ್ಟಾಗ, ಅದನ್ನು ಬಳಸದೇ ಇದ್ದ ಮಕ್ಕಳಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು. ಉತ್ತರ ಕೊಡದೆ ಸುಳಿವು ಮಾತ್ರ ಕೊಡುವ ಹಾಗೆ ತಿದ್ದಿದ ಚಾಟ್‌ಬಾಟ್ ಬಳಸಿದವರಿಗೆ ಈ ನಷ್ಟ ಹೆಚ್ಚುಕಡಿಮೆ ಆಗಲಿಲ್ಲ. ಹಾರ್ವರ್ಡ್‌ನ ಫಿಸಿಕ್ಸ್ ಕೋರ್ಸೊಂದರಲ್ಲಿ ಮೇಷ್ಟ್ರುಗಳೇ ಕೂತು, ಒಂದೊಂದೇ ಹೆಜ್ಜೆ ನಡೆಸುವ ಹಾಗೆ ಎಐ ಟ್ಯೂಟರ್ ಮಾಡಿಸಿದರು. ಅಲ್ಲಿ ಮಕ್ಕಳು ಕ್ಲಾಸಿಗಿಂತ ಕಡಿಮೆ ಹೊತ್ತಿನಲ್ಲಿ ಹೆಚ್ಚು ಕಲಿತರು. ಎರಡನ್ನೂ ಓದಿದ ಮೇಲೆ ನನಗೆ ಧೈರ್ಯ ಬಂತು. ಮಗು ಮೊದಲು ತಾನು ತಿಣುಕಿ, ಆಮೇಲೆ ಕೇಳಿದರೆ ಇದು ಒಳ್ಳೆಯ ಜೊತೆಗಾರ. ತಿಣುಕುವ ಮೊದಲೇ ಕೇಳಿದರೆ ಕಲಿಯಲು ಏನೂ ಉಳಿಯುವುದಿಲ್ಲ.

ಕಂಪನಿಗಳೂ ಇದನ್ನು ಗಮನಿಸಿವೆ. 2025ರ ಜುಲೈಯಲ್ಲಿ ಚಾಟ್‌ಜಿಪಿಟಿಗೆ ಸ್ಟಡಿ ಮೋಡ್ ಬಂತು, ಮರುತಿಂಗಳು ಗೂಗಲ್‌ನ ಜೆಮಿನಿಗೆ ಗೈಡೆಡ್ ಲರ್ನಿಂಗ್. ಉತ್ತರದ ಬದಲು ಮರುಪ್ರಶ್ನೆ ಕೇಳುತ್ತವೆ. ಮಕ್ಕಳಿಗೆ ಖಂಡಿತ ತೋರಿಸಿಕೊಡಿ.

ಒಂದು ವಿಷಯದಲ್ಲಿ ಮಾತ್ರ ಯಾರೂ ನಾನು ಮಾಡಿದ ತಪ್ಪು ಮಾಡಬೇಡಿ. ಎಐ ಬರೆದದ್ದನ್ನು ಹಿಡಿಯುತ್ತೇವೆ ಎನ್ನುವ ವೆಬ್‌ಸೈಟುಗಳಿವೆ. ಅಂಥ ಒಂದಕ್ಕೆ ಒಬ್ಬಳ ಸೆಮಿನಾರ್ ಬರಹ ಹಾಕಿದೆ. ಪೂರ್ತಿ ಎಐ ಎಂದು ಕೆಂಪಗೆ ತೋರಿಸಿತು. ಎಲ್ಲರ ಎದುರು ಕೇಳಿಬಿಟ್ಟೆ. ಅವಳು ಅತ್ತುಕೊಂಡು ಹೋಗಿ ರಫ್ ನೋಟ್‌ಬುಕ್ ತಂದಳು. ಹನ್ನೊಂದು ಪುಟ, ಪೆನ್ಸಿಲ್ಲಿನಲ್ಲಿ ಬರೆದು, ಹೊಡೆದು, ಮತ್ತೆ ಬರೆದದ್ದು. ಗೊತ್ತಿರುವ ಸುಲಭದ ಇಂಗ್ಲಿಷ್ ಪದಗಳನ್ನೇ ಬಳಸಿ ಚಿಕ್ಕ ಚಿಕ್ಕ ವಾಕ್ಯ ಬರೆದಿದ್ದಳು, ಅದೇ ಅವಳಿಗೆ ಮುಳುವಾಯಿತು. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲೇ ಇದನ್ನು ತೋರಿಸಿದ್ದರು. ಇಂಗ್ಲಿಷ್ ಮನೆಮಾತಲ್ಲದವರು ಕೈಯಾರೆ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಇಂಥ ಸಾಧನಗಳು ಎಐ ಬರಹ ಅಂದಿದ್ದವು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ಕೂಡ ತಾನೇ ಮಾಡಿದ ಪತ್ತೆ ಸಾಧನವನ್ನು, ನಿಖರತೆ ಸಾಲದು ಎಂದು ಅದೇ ವರ್ಷ ಜುಲೈಯಲ್ಲಿ ನಿಲ್ಲಿಸಿತ್ತು. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಮರುದಿನ ಅದೇ ಕ್ಲಾಸಿನಲ್ಲಿ ಅವಳ ಹತ್ತಿರ ಕ್ಷಮೆ ಕೇಳಿದೆ. ಆದರೂ ಆ ಮುಖ ಮರೆತಿಲ್ಲ.

ಈಗ ಪತ್ತೆ ಮಾಡುವ ಗೋಜಿಗೆ ಹೋಗುವುದಿಲ್ಲ. ಅಸೈನ್‌ಮೆಂಟ್ ಮನೆಯಿಂದ ಬರೆದು ತರಲಿ, ಆ್ಯಪ್ ಬಳಸಲಿ. ಮಾರ್ಕ್ಸ್ ಕೊಡುವುದು ಬೋರ್ಡಿನ ಹತ್ತಿರ ನಿಂತು ಐದು ನಿಮಿಷ ಹೇಳಿದ್ದಕ್ಕೆ. ಕನ್ನಡದಲ್ಲಿ ಹೇಳಿದರೂ ಸರಿ. ಲ್ಯಾಬಿನಲ್ಲಿ ರೀಡಿಂಗ್ ತೆಗೆದ ಕೂಡಲೇ, ಎದ್ದು ಹೋಗುವ ಮೊದಲು ನನ್ನ ಸಹಿ ಬೀಳಬೇಕು. ವಾರಕ್ಕೊಮ್ಮೆ ಚಾಟ್‌ಬಾಟ್ ಮಾಡಿದ ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು, ತಪ್ಪಿದ್ದರೆ ಹುಡುಕಿ ಅನ್ನುತ್ತೇನೆ. ಆ ಗಂಟೆ ಕ್ಲಾಸು ಗಿಜಿಗುಡುತ್ತದೆ. ಯಾವತ್ತೂ ಬಾಯಿ ಬಿಡದವರೂ ಎದ್ದು ಬರುತ್ತಾರೆ. ಇಷ್ಟಕ್ಕೆಲ್ಲ ಸಮಯ ಬೇಕು, ಒಬ್ಬೊಬ್ಬರಿಗೆ ಐದು ನಿಮಿಷ ಅಂದರೆ ಅರವತ್ತು ಜನಕ್ಕೆ ಐದು ಗಂಟೆ. ನನ್ನ ಕೆಲಸ ಹೆಚ್ಚಾಗಿದೆ. ಪ್ರಶ್ನೆ ಪತ್ರಿಕೆಯ ಮೊದಲ ಕರಡು, ಅಭ್ಯಾಸದ ಲೆಕ್ಕಗಳು, ಇವನ್ನು ಆ್ಯಪ್ ಮಾಡಿಕೊಡುವುದರಿಂದ ಸ್ವಲ್ಪ ಸಮಯ ಉಳಿಯುತ್ತದೆ. ಉತ್ತರಗಳನ್ನು ಮಾತ್ರ ಒಂದೊಂದಾಗಿ ನಾನೇ ಬಿಡಿಸಿ ನೋಡುತ್ತೇನೆ.

ದುಡ್ಡು ಕೊಟ್ಟು ತಗೋಬೇಕಾ ಎಂದು ಸಹೋದ್ಯೋಗಿಗಳು ಕೇಳುತ್ತಿರುತ್ತಾರೆ. ಡಿಗ್ರಿ ಮಟ್ಟದ ಫಿಸಿಕ್ಸ್‌ಗೆ ಬೇಕಾಗಿಲ್ಲ. 2025ರ ನವೆಂಬರ್‌ನಲ್ಲಿ ಓಪನ್‌ಎಐ, ಹಣ ಕೊಟ್ಟು ಬಳಸಬೇಕಿದ್ದ ಚಾಟ್‌ಜಿಪಿಟಿ ಗೋ ಯೋಜನೆಯನ್ನು ಆಗ ಸೇರಿದ ಭಾರತದವರಿಗೆ ಒಂದು ವರ್ಷ ಉಚಿತ ಮಾಡಿತು. ಮಕ್ಕಳು ನನಗಿಂತ ಮೊದಲೇ ಅದನ್ನು ಹಾಕಿಕೊಂಡಿದ್ದರು. ಸುಮ್ನೆ ದೊಡ್ಡ ಪ್ಲಾನಿಗೆ ಹಣ ಸುರಿಯಬೇಡಿ. ಆ ಹಣ ಇದ್ದರೆ, ಫೋನೇ ಇಲ್ಲದ ಮಕ್ಕಳ ಬಗ್ಗೆ ಯೋಚಿಸಿ. ನನ್ನ ಈ ಬ್ಯಾಚಿನಲ್ಲಿ ಏಳು ಜನ ಮನೆಯವರ ಫೋನನ್ನೇ ನೆಚ್ಚಿಕೊಂಡಿದ್ದಾರೆ, ಅಪ್ಪ ಕೆಲಸ ಮುಗಿಸಿ ಬಂದ ಮೇಲಷ್ಟೇ ಕೈಗೆ ಸಿಗುತ್ತದೆ. ಅವರಿಗಾಗಿ ಸಂಜೆ ನಾಲ್ಕರಿಂದ ಐದರ ತನಕ ಡಿಪಾರ್ಟ್‌ಮೆಂಟಿನ ಹಳೇ ಕಂಪ್ಯೂಟರ್ ತೆರೆದಿಡುತ್ತೇನೆ. ಮೊದಲು ನೋಟ್‌ಬುಕ್ಕಿನಲ್ಲಿ ತಾವು ಮಾಡಿದ್ದನ್ನು ತೋರಿಸಬೇಕು, ಆಮೇಲೆ ಕುರ್ಚಿ. ಹಿಂದಿನ ಸಾಲಿನ ಆ ಹುಡುಗಿ ಈಗ ಫೈನಲ್ ಇಯರ್. ವಾರದಲ್ಲಿ ಎರಡು ದಿನ ಅಲ್ಲಿಗೆ ಬಂದು ಜೂನಿಯರ್‌ಗಳ ಪಕ್ಕ ಕೂರುತ್ತಾಳೆ.