ಮನೆಗೇ ಬಂದು ಕಸಿ ಕಟ್ಟಿದವರ ಬಗ್ಗೆ, ಮೂರೂವರೆ ವರ್ಷದ ಮೇಲೆ

ಸಾಗರದ ಆಸುಪಾಸಿನಲ್ಲಿ ಮನೆಗೇ ಬಂದು ಮಾವು, ಹಲಸು, ಮುರುಗಲಿಗೆ (ಪುನರ್ಪುಳಿಗೆ) ಕಸಿ ಕಟ್ಟಿಕೊಡುವ ಒಬ್ಬರಿದ್ದಾರೆ. 2022ರ ಮೇ ಕೊನೆಯಲ್ಲಿ ಅವರನ್ನು ನಮ್ಮ ಹಿತ್ತಲಿಗೆ ಕರೆಸಿದ್ದೆ. ಆಗಲೇ ಬರೆಯಬಹುದಿತ್ತು, ಬರೆಯಲಿಲ್ಲ. ಕಸಿ ಚಿಗುರಿದರೆ ಅರ್ಧ ಕೆಲಸ ಆದ ಹಾಗೆ ಅಷ್ಟೆ. ಮಿಡಿ ಕೈಗೆ ಬಂದು, ತೊಟ್ಟು ಮುರಿದು, ಮೂಗಿಗೆ ಹಿಡಿದು ನೋಡಿದ ಮೇಲೇ ಹೇಳಬೇಕು ಅಂತ ಕಾದೆ. ಈ ವರ್ಷ, 2025ರ ಮಾರ್ಚಿ ಮೊದಲ ವಾರ, 210 ಮಿಡಿ ಕೊಯ್ದೆವು. ಜೀರಿಗೆ ಪರಿಮಳ ನನ್ನ ತವರಿನ ಮರದ್ದೇ. ಹಾಗಾಗಿ ಈಗ ಧೈರ್ಯವಾಗಿ ಹೇಳುತ್ತೇನೆ: ಹಿತ್ತಲಲ್ಲಿ ಒಂದು ಕಾಟು (ಕಾಡು ಜಾತಿಯ) ಗಿಡ ಇದ್ದು, ಮನಸ್ಸಿನಲ್ಲಿ ಒಂದು ಮರ ಇದ್ದವರು ಇಂಥವರನ್ನು ಹುಡುಕಿ ಕರೆಸಿ.

ಅವರ ಹೆಸರು, ಫೋನ್ ನಂಬರ್ ಹಾಕುತ್ತಿಲ್ಲ. ಅವರೇ ಬೇಡ ಅಂದಿದ್ದಾರೆ; ಒಬ್ಬರ ಕೈಯಲ್ಲಿ ಆಗುವಷ್ಟು ಕೆಲಸ ಆಗಲೇ ಇದೆ. ನಮ್ಮ ಕಡೆ ನರ್ಸರಿಗಳಲ್ಲಿ ಹತ್ತಾರು ವರ್ಷ ಕಸಿ ಕಟ್ಟಿ ಈಗ ಸ್ವಂತಕ್ಕೆ ಓಡಾಡುವವರು ಇನ್ನೂ ಕೆಲವರಿದ್ದಾರೆ. ಅಡಿಕೆ ಕೊನೆ ತೆಗೆಯಲು ಬರುವವರ ಹತ್ತಿರ ವಿಚಾರಿಸಿದರೆ ಸುಳಿವು ಸಿಗುತ್ತದೆ. ನನಗೂ ಹಾಗೇ ಸಿಕ್ಕಿದ್ದು.

ನನ್ನ ತವರು ಸಿದ್ದಾಪುರ ತಾಲೂಕು. ಮನೆಯ ಕೆಳಗೆ ಹಳ್ಳ, ಹಳ್ಳದ ದಂಡೆಗೆ ಒಂದು ಜೀರಿಗೆ ಅಪ್ಪೆ, ಅಂದರೆ ಉಪ್ಪಿನಕಾಯಿ ಹಾಕುವ, ಜೀರಿಗೆ ಪರಿಮಳದ ಮಿಡಿಮಾವಿನ ಮರ. ಅಜ್ಜ ಹುಡುಗನಾಗಿದ್ದಾಗಲೂ ಅದು ದೊಡ್ಡ ಮರವೇ ಆಗಿತ್ತಂತೆ. ಹಣ್ಣು ಹುಳಿ, ಬರೀ ನಾರು, ಯಾರೂ ತಿನ್ನುವುದಿಲ್ಲ. ಆ ಮರದ ಬೆಲೆಯೆಲ್ಲ ಮಿಡಿಯಲ್ಲಿ. ತೊಟ್ಟು ಮುರಿದರೆ ಸೊನೆ ಚಿಮ್ಮಿ, ಒಗ್ಗರಣೆಗೆ ಜೀರಿಗೆ ಹಾಕಿದ ಹಾಗೆ ಘಮ್ಮೆನ್ನುತ್ತದೆ. ನನ್ನ ಮದುವೆಯಾದ ಮೇಲೆ ಪ್ರತಿ ವರ್ಷ ಅಮ್ಮ ಒಂದು ಭರಣಿ ಉಪ್ಪಿನಕಾಯಿ ಕಳಿಸುತ್ತಿದ್ದಳು. ಎರಡು ವರ್ಷವಾದರೂ ಮಿಡಿ ಕಚ್ಚಿದರೆ ಕಟುಂ ಅನ್ನುತ್ತಿತ್ತು. ಈಗೀಗ ಮಿಡಿಗೆ ರೇಟು ಬಂದ ಮೇಲೆ ಕಷ್ಟ ಶುರುವಾಯಿತು. ಮರ ಹತ್ತಿ ಕೊಯ್ಯುವ ತಾಳ್ಮೆ ಇಲ್ಲದವರು ಕೊಂಬೆಯನ್ನೇ ಕಡಿದು ಕೆಡವಿ, ಕೆಳಗೆ ಕೂತು ಮಿಡಿ ಆರಿಸಿಕೊಂಡು ಹೋಗುತ್ತಾರೆ. ಹಾಗೆ ಕಡಿದ ಕಡೆ ಮತ್ತೆ ಮಿಡಿ ನೋಡಲು ವರ್ಷಗಟ್ಟಲೆ ಕಾಯಬೇಕು. ಜೊತೆಗೆ ಪ್ರತಿ ಮಳೆಗಾಲ ಹಳ್ಳದ ನೀರು ಬುಡದ ಮಣ್ಣು ಎಳೆಯುತ್ತಿದೆ. ಅಮ್ಮ ತೀರಿಕೊಂಡ ವರ್ಷ ನಾನು ಅಣ್ಣನಿಗೆ ಹೇಳಿದೆ, "ಆಸ್ತಿಯಲ್ಲಿ ನನಗೇನೂ ಬೇಡ, ಆ ಮರದ ಒಂದು ಅಂಶ ನನ್ನ ಹಿತ್ತಲಲ್ಲಿ ಇರಬೇಕು."

ಅದಕ್ಕೂ ಮೊದಲು ಎರಡು ಪ್ರಯತ್ನ ಮಾಡಿದ್ದೆ. ಮೊದಲನೆಯದು ಗೊರಟು. ಅದೇ ಮರದ ಹಣ್ಣಿನ ಗೊರಟು ತಂದು ಅಡುಗೆಮನೆಯ ಬಚ್ಚಲ ನೀರು ಹೋಗುವ ಕಡೆ ನೆಟ್ಟೆ. ಗಿಡ ಚೆನ್ನಾಗಿ ಎದ್ದಿತು, ಒಂಬತ್ತನೇ ವರ್ಷಕ್ಕೆ ಮಿಡಿಯೂ ಬಿಟ್ಟಿತು. ಮೂಸಿದರೆ ಏನೂ ಇಲ್ಲ, ಬರೀ ಹುಳಿ ಮಾವು. ಹೂವಿಗೆ ಯಾವ ಮರದ ಪರಾಗ ಬಂದು ಬೀಳುತ್ತದೋ ಹೇಳಲಾಗದು, ಹಾಗಾಗಿ ಗೊರಟಿನ ಗಿಡ ತಾಯಿಯ ಹಾಗೇ ಇರುತ್ತದೆ ಅನ್ನುವಂತಿಲ್ಲ. ಹಲಸಿಗೂ ಇದೇ ಮಾತು. ತುಮಕೂರು ಜಿಲ್ಲೆ ಚೇಳೂರಿನ ಸಿದ್ದು ಹಲಸು ಕೇಳಿರಬಹುದು, ತಾಮ್ರದ ಬಣ್ಣದ ತೊಳೆಯದು. ಪರಮೇಶ್ ಅನ್ನುವ ರೈತರ ಜಮೀನಿನಲ್ಲಿ ಅವರ ತಂದೆ ಸಿದ್ದಪ್ಪನವರು ಬೆಳೆಸಿದ ಒಂದೇ ಒಂದು ಮರ. ಅದನ್ನು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಗುರುತಿಸಿ, 2017ರಲ್ಲಿ ಅವರ ಜೊತೆ ಒಪ್ಪಂದ ಮಾಡಿಕೊಂಡು, ಕಸಿಯಿಂದಲೇ ಗಿಡ ಹೆಚ್ಚಿಸಿದರು. ಅದರ ಬೀಜ ಹಾಕಿ ಸಾವಿರ ಗಿಡ ಮಾಡಿದರೂ ಆ ಮರ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ, ಕಸಿ ಕಟ್ಟಲು ಆ ಮರದ್ದೇ ಕಡ್ಡಿ ಬೇಕು.

ಎರಡನೆಯ ಪ್ರಯತ್ನ ನರ್ಸರಿ. 2016ರಲ್ಲಿ ಒಂದು ನರ್ಸರಿಯಿಂದ "ಜೀರಿಗೆ ಅಪ್ಪೆ" ಎಂದು ಚೀಟಿ ಕಟ್ಟಿದ ಗಿಡ ತಂದೆ. ನಾಲ್ಕು ವರ್ಷ ಗೊಬ್ಬರ ಹಾಕಿದ ಮೇಲೆ ಗೊತ್ತಾಯಿತು, ಕಸಿ ಕಟ್ಟಿದ ಕುಡಿ ಯಾವತ್ತೋ ಸತ್ತು, ಅದರ ಕೆಳಗಿನಿಂದ ಎದ್ದ ಕಾಟು ಚಿಗುರನ್ನು ನಾನು ಸಾಕಿದ್ದೆ. ನನಗಾದ ನೋವು ದುಡ್ಡಿನದಲ್ಲ, ನಾಲ್ಕು ವರ್ಷದ್ದು. ಗಿಡ ಕೊಳ್ಳುವವರು ಬುಡದಿಂದ ಒಂದು ಗೇಣು ಮೇಲಿನ ಕಸಿ ಗಂಟನ್ನು ಬೆರಳಲ್ಲಿ ಮುಟ್ಟಿ ನೋಡಿ. ಹಸಿರು ಚಿಗುರು ಗಂಟಿನ ಮೇಲಿದೆಯೋ ಕೆಳಗಿದೆಯೋ ಅನ್ನುವುದು ಮುಖ್ಯ. ಕೆಳಗೆ ಬಂದ ಚಿಗುರನ್ನು ಎಳೆಯದಾಗಿರುವಾಗಲೇ ಮುರಿದು ಹಾಕಬೇಕು. ಮಾರುವವರು ಇಷ್ಟು ಹೇಳಿ ಕಳಿಸಿದ್ದರೆ ನನ್ನ ಗಿಡ ಉಳಿಯುತ್ತಿತ್ತು.

ಇನ್ನು ಇವರ ಕೆಲಸ. 2021ರ ಡಿಸೆಂಬರಿನಲ್ಲಿ ಮೊದಲು ಬಂದವರು ಚಾಕು ಹೊರಗೆ ತೆಗೆಯಲೇ ಇಲ್ಲ. ಹಿತ್ತಲು ಒಂದು ಸುತ್ತು ಬಂದು, ನನ್ನ ಗೊರಟಿನ ಮಾವಿನ ಬುಡ ಬಗ್ಗಿ ನೋಡಿ, ಕಾಂಡ ಕೊರಕದ ತೂತಿದೆಯಾ, ಹೊಟ್ಟಿನಂಥ ಪುಡಿ ಬಿದ್ದಿದೆಯಾ ಅಂತ ಸುತ್ತಲೂ ಪರೀಕ್ಷೆ ಮಾಡಿದರು. "ಅಮ್ಮಾ, ಬೇರು ಗಟ್ಟಿ ಇದೆ. ಹೊಸ ಗಿಡ ಯಾಕೆ? ಇದರ ತಲೆ ಬದಲಾಯಿಸುವ." ಐದು ಕೊಂಬೆಗಳಲ್ಲಿ ನಾಲ್ಕನ್ನು ನನ್ನ ಎದೆ ಎತ್ತರಕ್ಕೆ ಗರಗಸದಲ್ಲಿ ಕೊಯ್ದರು. ಪೂರ್ವದ ಕಡೆಯ ಒಂದನ್ನು ಹಾಗೇ ಬಿಟ್ಟರು. ಯಾಕೆ ಅಂತ ಕೇಳಿದ್ದಕ್ಕೆ, "ಎಲೆಯೇ ಅಡುಗೆಮನೆ ಅಲ್ವಾ, ಎಲ್ಲ ಕಡಿದರೆ ಬೇರಿಗೆ ಊಟ ಹಾಕುವವರು ಯಾರು?" ಕೊಯ್ದ ಜಾಗಕ್ಕೆ ಮೈಲುತುತ್ತ, ಸುಣ್ಣ ಗಟ್ಟಿಯಾಗಿ ಕಲಸಿದ ಬೋರ್ಡೋ ಮುಲಾಮು ಹಚ್ಚಿದರು. ಅಡಿಕೆ ತೋಟದವರಾದ ನಮ್ಮ ಮನೆಯಲ್ಲಿ ಅದಕ್ಕೆ ಬರವಿಲ್ಲ. ಅವತ್ತಿಗೆ ಬಸ್ ಚಾರ್ಜು ಬಿಟ್ಟು ಏನೂ ತೆಗೆದುಕೊಳ್ಳಲಿಲ್ಲ.

ಫೆಬ್ರವರಿ ಹೊತ್ತಿಗೆ ಕಡಿದ ಕೊಂಬೆಗಳಲ್ಲಿ ಚಿಗುರು ದಂಡಿಯಾಗಿ ಎದ್ದವು. ಫೋನಿನಲ್ಲೇ ಹೇಳಿ, ಕೊಂಬೆಗೆ ಮೂರು ನಾಲ್ಕು ಬಲವಾದ, ಹೊರಮುಖದ ಚಿಗುರು ಮಾತ್ರ ಉಳಿಸಿ ಬೇರೆಲ್ಲ ತೆಗೆಸಿದರು. ಮೇ ಹೊತ್ತಿಗೆ ಅವು ಪೆನ್ಸಿಲ್ ದಪ್ಪ ಆಗಿದ್ದವು.

ಕಡ್ಡಿಯ ವಿಷಯದಲ್ಲಿ ಅವರು ತುಂಬ ಕಟ್ಟುನಿಟ್ಟು. ತವರಿನ ಮರದಲ್ಲಿ ಬಿಸಿಲು ಬೀಳುವ ಕಡೆಯ, ಬಲಿತ, ಇನ್ನೂ ಚಿಗುರೊಡೆಯದ ತುದಿಗಳನ್ನು ಆರಿಸಿ, ಕೊಯ್ಯುವ ಹತ್ತು ದಿನ ಮೊದಲೇ ಎಲೆ ಸವರಿ ತೆಗೆಯಬೇಕು, ಎಲೆಯ ತೊಟ್ಟು ಮಾತ್ರ ಮರದಲ್ಲೇ ಬಿಡಬೇಕು. ಅಣ್ಣನ ಮಗ ಹತ್ತಿ ಸವರಿದ. ಹತ್ತು ದಿನಕ್ಕೆ ತೊಟ್ಟು ಬೆರಳು ತಾಗಿದರೆ ಉದುರುವ ಹಾಗಾಗುತ್ತದೆ, ತುದಿಯ ಮೊಗ್ಗು ಉಬ್ಬುತ್ತದೆ. ಆಗ ಕಡ್ಡಿ ತಯಾರು ಅಂತ ಲೆಕ್ಕ.

ಇಲ್ಲಿ ನನ್ನ ದೊಡ್ಡ ದೂರು. ಹೇಳಿದ ದಿನ ಅವರು ಬರಲಿಲ್ಲ. ಫೋನ್ ಎತ್ತಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಳೆಪಟ್ಟೆಯೊಳಗಿಟ್ಟು ಸಿದ್ದಾಪುರದಿಂದ ತಂದ ಕಡ್ಡಿಗಳು ಆರು ದಿನ ನಮ್ಮ ಬಚ್ಚಲಮನೆಯ ತಂಪಿನಲ್ಲಿ ಕೂತು ತುದಿ ಕಪ್ಪಾದವು. ಆ ಆರು ದಿನ ನನಗೆ ಊಟ ಸೇರಲಿಲ್ಲ. ಬಂದವರು ಗಂಟು ಬಿಚ್ಚಿ ನೋಡಿ, "ಇದು ಆಗುವುದಿಲ್ಲ" ಎಂದು ಪಕ್ಕಕ್ಕಿಟ್ಟರು. ಬೇರೆಯವರಾದರೆ ಅದನ್ನೇ ಕಟ್ಟಿ ಹೋಗುತ್ತಿದ್ದರೇನೋ. ಇವರು ಬೈಕ್ ಹತ್ತಿ, ಅಣ್ಣನ ಮಗನನ್ನು ಕರೆದುಕೊಂಡು ತಾವೇ ಮರಕ್ಕೆ ಹೋಗಿ, ಸವರಿ ಉಳಿದಿದ್ದ ಬೇರೆ ತುದಿಗಳನ್ನು ಕೊಯ್ದು ಸಂಜೆಯೊಳಗೆ ವಾಪಸ್ ಬಂದರು. ತಡ ಮಾಡಿದ್ದು ತಪ್ಪು. ಆ ತಪ್ಪನ್ನು ತಾವೇ ಸರಿ ಮಾಡಿದ್ದನ್ನೂ ಹೇಳಬೇಕು.

ಮರುದಿನ ಬೆಳಿಗ್ಗೆ ನಾನು ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತು ನೋಡಿದೆ. ಕಸಿ ಚಾಕು ಚೀಲದಲ್ಲಿತ್ತು, ಕೈಗೆ ತೆಗೆದುಕೊಂಡದ್ದು ಹೊಸ ಶೇವಿಂಗ್ ಬ್ಲೇಡು. ಮರದ ಚಿಗುರಿನ ತುದಿ ಕತ್ತರಿಸಿ, ನಡುವೆ ಎರಡು ಬೆರಳಿನಷ್ಟು ಉದ್ದ ಸೀಳಿದರು. ಕಡ್ಡಿಯ ಬುಡವನ್ನು ಎರಡೂ ಮಗ್ಗುಲಿಂದ ಒಂದೊಂದೇ ಎಳೆತಕ್ಕೆ ಹೆರೆದು ಬೆಣೆ ಮಾಡಿದರು. ಎರಡನೇ ಸಲ ಬ್ಲೇಡ್ ಆಡಿಸುವುದೇ ಇಲ್ಲ. ಮೈ ಏರುಪೇರಾದರೆ ನಡುವೆ ಗಾಳಿ ಕೂರುತ್ತದೆ. ಹೆರೆದ ಜಾಗಕ್ಕೆ ಬೆರಳು ತಾಗಿಸಲಿಲ್ಲ. ಸೀಳಿನಲ್ಲಿ ಬೆಣೆ ಇಳಿಸಿ, ಸಿಪ್ಪೆಯ ಒಳಗಿನ ತೆಳು ಹಸಿರು ಗೆರೆ ಎರಡರದ್ದೂ ಒಂದಕ್ಕೊಂದು ಸೇರುವ ಹಾಗೆ ಕೂರಿಸಿದರು. ಕಡ್ಡಿ ಸ್ವಲ್ಪ ಸಪೂರ ಇದ್ದಲ್ಲಿ ನಡುವೆ ಇಡದೆ ಒಂದು ಮಗ್ಗುಲಿಗೆ ಸರಿಸಿ, ಆ ಕಡೆಯ ಗೆರೆಯನ್ನಾದರೂ ಕೂಡಿಸಿದರು. "ಗಾಯ ಕೂಡುವುದು ಈ ಹಸಿರಲ್ಲಿ ಮಾತ್ರ. ಒಳಗಿನ ಮರ ಮರಕ್ಕೆ ಅಂಟುವುದಿಲ್ಲ" ಎಂದು ತೋರಿಸಿದರು. ಪ್ಲಾಸ್ಟಿಕ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ, ಮೇಲೆ ಮಕ್ಕಳ ಐಸ್ ಪೆಪ್ಸಿಯ ಉದ್ದನೆ ಕವರ್ ತೊಡಿಸಿ ಬುಡಕ್ಕೆ ಕಟ್ಟಿದರು. ಕಡ್ಡಿ ಒಣಗದ ಹಾಗೆ ಒಳಗೇ ತೇವ ಇರಬೇಕಲ್ಲ, ಅದಕ್ಕೆ. ಒಂದು ಕಸಿಗೆ ನಾಲ್ಕು ನಿಮಿಷ ಹಿಡಿಯಲಿಲ್ಲ.

ಮಾವಿಗೆ 14 ಕಟ್ಟಿದರು, 9 ಹಿಡಿದವು. ಹಲಸಿಗೆ 4 ಕಟ್ಟಿ 2 ಉಳಿದವು. ಹಲಸಿನಲ್ಲಿ ಕೊಯ್ದ ಕೂಡಲೇ ಮೇಣ ಒಸರುತ್ತದೆ, ಒರೆಸಿ ಒರೆಸಿ ಕಟ್ಟಬೇಕು, ಕೈಗೂ ಅಂಟು. ಅಷ್ಟಾದರೂ ಸಾಕು ಅನ್ನಿಸಿತು. ಮುರುಗಲಿನಲ್ಲಿ ಮಾತ್ರ ನಿರಾಸೆ, 3ರಲ್ಲಿ 1. ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ನಮ್ಮದು ಗಂಡು, ಹೂ ಬಿಟ್ಟು ಉದುರಿಸುವುದೇ ಅದರ ಕೆಲಸ. ಪಕ್ಕದ ಮನೆಯ ಹೆಣ್ಣು ಮರದಿಂದ ಕಡ್ಡಿ ತಂದದ್ದು. ಅಡ್ಡ ಕೊಂಬೆಯ ಕಡ್ಡಿ ಬೇಕಾದಷ್ಟಿತ್ತು, ಅವರು ಒಪ್ಪಲಿಲ್ಲ. ಅಡ್ಡ ಕೊಂಬೆಯದು ಕಟ್ಟಿದರೆ ಗಿಡ ನೆಲಕ್ಕೇ ಹರಡಿಕೊಂಡು ಪೊದೆಯಾಗುತ್ತದೆ, ನೆಟ್ಟಗೆ ಏಳುವುದಿಲ್ಲ. ನೆಟ್ಟನೆ ಚಿಗುರು ಸಿಕ್ಕಿದ್ದೇ ಮೂರು. ಆ ಒಂದು ಈಗ ನನ್ನ ಭುಜದೆತ್ತರ ಇದೆ, ಇನ್ನೂ ಹೂವಿಲ್ಲ.

ದುಡ್ಡಿನ ಲೆಕ್ಕ ನೇರ. ಬಂದದ್ದಕ್ಕೆ 500 ರೂಪಾಯಿ, ಮೇಲೆ ಹಿಡಿದ ಕಸಿಗೆ ಒಂದಕ್ಕೆ 100. ಸತ್ತದ್ದಕ್ಕೆ ಏನೂ ಇಲ್ಲ. ಸೆಪ್ಟೆಂಬರಿನಲ್ಲಿ ಅವರೇ ಬಂದು ಎಣಿಸಿ 12ಕ್ಕೆ ತೆಗೆದುಕೊಂಡರು, ಒಟ್ಟು 1700. ಇಂಥ ಲೆಕ್ಕ ಇಟ್ಟುಕೊಂಡವರು ಕೆಟ್ಟ ಕಡ್ಡಿ ಕಟ್ಟುವುದಿಲ್ಲ ಅನ್ನುವುದು ನನಗೆ ಆ ಬಾಳೆಪಟ್ಟೆಯ ಗಂಟು ಬಿಚ್ಚಿದ ದಿನವೇ ಗೊತ್ತಾಗಿತ್ತು.

ಆದರೆ ಕಟ್ಟಿ ಹೋದ ಮೇಲಿನ ಆರೈಕೆಯನ್ನು ಅವರು ಬಾಯಲ್ಲಿ ಹೇಳುವುದು ಸಾಲದು, ಒಂದು ಚೀಟಿಯಲ್ಲಿ ಬರೆದು ಕೊಡಬೇಕು. ಮೂರು ವಾರಕ್ಕೆ ಕವರಿನೊಳಗೆ ಚಿಗುರು ಕಂಡಿತು. ಖುಷಿಯಲ್ಲಿ ಒಂದನ್ನು ಅವಸರಕ್ಕೆ ಬಿಚ್ಚಿದೆ, ಎರಡು ದಿನದ ಬಿಸಿಲಿಗೆ ಬಾಡಿತು. ಎಲೆ ಬಿಚ್ಚಿ ಸ್ವಲ್ಪ ಗಟ್ಟಿಯಾಗುವ ತನಕ ಕವರ್ ಇರಬೇಕಿತ್ತು. ಜೂನ್ ಕೊನೆಯ ಮಳೆಗೆ ಇನ್ನೆರಡರ ಕವರಿನೊಳಗೆ ನೀರಿಳಿದು ಬೂಸು ಬಂತು. ಮಳೆ ಹಿಡಿಯುವ ಮೊದಲು ಬುಡದ ಗಂಟು ಇನ್ನೊಮ್ಮೆ ನೋಡಿಕೊಳ್ಳಿ. ಮೂರು ತಿಂಗಳಿಗೆ ಪಟ್ಟಿ ಬಿಡಿಸಲು ಬರುತ್ತೇನೆ ಎಂದವರು ನಾಲ್ಕಕ್ಕೆ ಬಂದರು. ಅಷ್ಟರಲ್ಲಿ ಒಂದರ ಕುತ್ತಿಗೆಗೆ ಪಟ್ಟಿ ಕಚ್ಚಿ ಗಾಯವಾಗಿತ್ತು. ಆ ಗುರುತು ಈಗಲೂ ಇದೆ, ಕೊಂಬೆ ಮಾತ್ರ ಚೆನ್ನಾಗಿದೆ. ಹೊಸ ಕೊಂಬೆಗಳು ಗಾಳಿಗೆ ಕಸಿ ಗಂಟಿನಲ್ಲೇ ಮುರಿಯುತ್ತವೆ, ಒಂದೊಂದಕ್ಕೂ ಬಿದಿರಿನ ಗಳ ಕಟ್ಟಿ. ಹಳೇ ಮರದ ಚಿಗುರು ಕೆಳಗಿನಿಂದ ಏಳುತ್ತಲೇ ಇರುತ್ತದೆ. ಮೊದಲ ಎರಡು ವರ್ಷ ನಾನು ಬೆಳಿಗ್ಗೆ ಹೂ ಕೊಯ್ಯಲು ಹೋದಾಗಲೆಲ್ಲ ಅದನ್ನು ಮುರಿಯುವುದೇ ಕೆಲಸ.

2024ರಲ್ಲೇ ಹೂ ಬಂದಿತ್ತು. ಅವರ ಮಾತು ಕೇಳಿ ಗೊಂಚಲು ಚಿವುಟಿದೆ, ಕೈ ನಡುಗಿತು. ಈ ವರ್ಷ ಬಿಟ್ಟೆ. ಮಿಡಿಯನ್ನು ನೆಲಕ್ಕೆ ಬೀಳಿಸದೆ, ಒಂದಿಂಚು ತೊಟ್ಟು ಸಹಿತ ಕೊಯ್ದು, ಉಪ್ಪಿನಲ್ಲಿ ಚಿರುಟಲು ಹಾಕಿದೆ. ಮೂರನೇ ದಿನ ಭರಣಿಯ ಬಟ್ಟೆ ಬಿಚ್ಚಿದಾಗ ಮನೆಯವರು ಹೊರಗಿನ ಜಗಲಿಯಿಂದಲೇ, "ಏನು, ನಿಮ್ಮ ಅಣ್ಣ ಬಂದನಾ?" ಎಂದು ಕೇಳಿದರು. ತವರಿನ ಮರಕ್ಕೆ ಈ ಸಲವೂ ಯಾರೋ ಕೊಂಬೆ ಕಡಿದಿದ್ದರು, ಅಣ್ಣನ ಮನೆಗೆ ಮಿಡಿಯೇ ಇರಲಿಲ್ಲ. ಒಂದು ಸಣ್ಣ ಭರಣಿ ತುಂಬಿಸಿ ನಾನೇ ಬಸ್ಸಿನಲ್ಲಿ ತೆಗೆದುಕೊಂಡು ಹೋಗಿ ಕೊಟ್ಟು ಬಂದೆ.

ಕರೆಸುವವರಿಗೆ ಒಂದೇ ಸೂಚನೆ: ಕಡ್ಡಿಯ ಮರ ಹತ್ತಿರವಿದ್ದರೆ ಅವರು ಮನೆಗೆ ಬಂದು ಮುಟ್ಟಿದ ಮೇಲೇ ಕೊಯ್ಯಿಸಿ. ಕೊಟ್ಟ ದಿನಾಂಕ ನಂಬಿ ಮೊದಲೇ ಕೊಯ್ದಿಡಬೇಡಿ.

ಊಟ ಹಾಕಲೆಂದು ಬಿಟ್ಟಿದ್ದ ಆ ಪೂರ್ವದ ಕೊಂಬೆ ಇನ್ನೂ ಹಾಗೇ ಇದೆ. ಬೇರೆ ನಾಲ್ಕು ತುಂಬಿಕೊಂಡಿರುವುದರಿಂದ ಅದರ ಕೆಲಸ ಮುಗಿಯಿತಂತೆ. ಬರುವ ಸೋಮವಾರ ಗರಗಸ ತರುತ್ತೇನೆ ಎಂದಿದ್ದಾರೆ, ಮೇ ತಿಂಗಳಿಗೆ ಅದಕ್ಕೆ ಅನಂತಭಟ್ಟನ ಅಪ್ಪೆ ಅನ್ನುವ ಇನ್ನೊಂದು ಮಿಡಿಮಾವಿನ ತಳಿ ಕಟ್ಟುವ ಯೋಚನೆ. ಸುಣ್ಣ ನೆನೆಹಾಕಿದ್ದೇನೆ. ಸೋಮವಾರ ಅಂದರೆ ಗುರುವಾರವೂ ಆಗಬಹುದು.